ಸೀಟಿನ ನಾಲಗೆಯ ಕೆಳಗೊಂದು ಕೀಲು

ಬೆಳಗಿನ ಐದೂಮುಕ್ಕಾಲು. ಬೀದಿ ದೀಪಗಳು ಇನ್ನೂ ಆರಿಲ್ಲ. ಶೆಡ್ಡಿನ ಹಿಂಭಾಗದಲ್ಲಿ ನಿಂತ ಬಿಳಿ ಪಿಕಪ್ಪಿನ ಎಡಬಾಗಿಲಿನಿಂದ ಎರಡು ಕಾಲುಗಳು ಹೊರಚಾಚಿವೆ. ಒಂದು ಚಪ್ಪಲಿ ನೆಲಕ್ಕೆ ಬಿದ್ದಿದೆ. ಕಾಲಿನ ಯಜಮಾನರು ಒಳಗೆ, ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವಿನ ಇಕ್ಕಟ್ಟಿನಲ್ಲಿ ಅಂಗಾತ ಮಲಗಿ, ಬಾಯಲ್ಲಿ ಪುಟ್ಟ ಟಾರ್ಚು ಕಚ್ಚಿಕೊಂಡು ಸೀಟಿನ ಅಡಿಯನ್ನು ನೋಡುತ್ತಿದ್ದಾರೆ. ವಯಸ್ಸು ಐವತ್ತೆಂಟು. ಈ ಬೀದಿಯಲ್ಲಿ ಅವರನ್ನು ಕೀಲು ಮೇಸ್ತ್ರಿ ಎನ್ನುತ್ತಾರೆ. ಎನ್ನುವವರೂ ಹೆಚ್ಚಿಲ್ಲ.

ಮೇಸ್ತ್ರಿ ತೆವಳಿಕೊಂಡು ಹೊರಬರುತ್ತಾರೆ. ಹಿಂದಿನ ಸೀಟಿನ ಪಕ್ಕದಲ್ಲಿರುವ ಪಟ್ಟಿಯನ್ನು ಎಳೆಯುತ್ತಾರೆ. ಸೀಟಿನ ಬೆನ್ನು ಮುಂದಕ್ಕೆ ಬಾಗಿ ಕೂರುವ ಭಾಗದ ಮೇಲೆ ಮಲಗುತ್ತದೆ. ನೋಡುವವರ ಕಣ್ಣಿಗೆ ಎಲ್ಲ ಸರಿಯಾಗಿದೆ. ಮೇಸ್ತ್ರಿ ಮಾತ್ರ ಒಂದು ಸ್ಟೀಲ್ ಲೋಟಕ್ಕೆ ಅಂಚಿನವರೆಗೂ ನೀರು ತುಂಬಿಸಿ, ಮಡಚಿದ ಬೆನ್ನಿನ ನಟ್ಟನಡುವೆ ಇಡುತ್ತಾರೆ. ನೀರು ಹಿಂಬದಿಯ ಅಂಚಿನಿಂದ ಜಿನುಗಿ ಕೆಳಗಿಳಿಯುತ್ತದೆ. ಸೀಟು ಮಟ್ಟವಾಗಿಲ್ಲ. ಮುಂಭಾಗ ಎರಡು ಬೆರಳು ಮೇಲೆದ್ದಿದೆ. ಮಡಚಿದ ಸೀಟನ್ನು ಹಿಡಿದಿಡಬೇಕಾದ ಕೊಂಡಿ ತನ್ನ ಗೂಟದವರೆಗೆ ಇಳಿಯದೆ ಗಾಳಿಯಲ್ಲಿ ನೇತಾಡುತ್ತಿದೆ.

ಹತ್ತು ಗಂಟೆಗೆ ವಿದ್ಯುತ್ ಇಲಾಖೆಯ ವಾಹನ ವಿಭಾಗದ ಅಧಿಕಾರಿ ಈ ಸೀಟನ್ನು ನೋಡಲು ಬರುತ್ತಾರೆ. ಇದು ಮಾದರಿ. ಒಪ್ಪಿದರೆ ತಿಂಗಳಿಗೆ ಎರಡರಂತೆ ಇಂಥವೇ ಹದಿನಾಲ್ಕು ಪಿಕಪ್ಪುಗಳು ಶೆಡ್ಡಿಗೆ ಬರುತ್ತವೆ, ಏಳು ತಿಂಗಳ ಕೆಲಸ. ಒಪ್ಪದಿದ್ದರೆ ಎಲ್ಲವೂ ಹೆದ್ದಾರಿ ಪಕ್ಕದ ದೊಡ್ಡ ಕಾರ್ಖಾನೆಗೆ ಹೋಗುತ್ತವೆ.

ಸೀಟು ಹೀಗೆ ಏಕಾಯಿತು ಎಂಬುದು ಮೇಸ್ತ್ರಿಗೆ ಗೊತ್ತು. ನಿನ್ನೆ ಸಂಜೆ ನಾಲ್ಕು ಗಂಟೆಗೇ ಗೊತ್ತಿತ್ತು. ಆದರೂ ತುಟಿ ಪಿಟಕ್ಕೆನ್ನಲಿಲ್ಲ.

"ಹೊಟ್ಟೆಕಿಚ್ಚು ಅಂತಾನೇ ಬರೀರಿ," ಎನ್ನುತ್ತಾರೆ ಅವರು, ಆಮೇಲೆ ಇದನ್ನು ಬರೆದುಕೊಳ್ಳಲು ಬಂದವರಿಗೆ, ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ. "ಬೇರೆ ಹೆಸರು ಹುಡುಕೋಕೆ ಹೋಗ್ಬೇಡಿ. ಇರೋದು ಅದೇ."

ಮುಂದೆ ಇಬ್ಬರು, ಹಿಂದೆ ಮೂವರು ಕೂರುವ ಪಿಕಪ್ಪುಗಳಲ್ಲಿ ಹಿಂದಿನ ಸೀಟಿನ ಬೆನ್ನು ಸಾಮಾನ್ಯವಾಗಿ ಕ್ಯಾಬಿನ್ನಿನ ಗೋಡೆಗೆ ಬಿಗಿದುಕೊಂಡೇ ಬರುತ್ತದೆ. ಅದನ್ನು ಬಿಚ್ಚಿ, ಕೀಲು ಕೂರಿಸಿ, ಬೇಕಾದಾಗ ಮಡಚುವಂತೆ ಮಾಡುವುದು ಮೇಸ್ತ್ರಿಯ ಕೆಲಸ. ಮಡಚಿದರೆ ಮಂಚದಂಥ ಸಮತಟ್ಟು ಜಾಗ. ಮಳೆಗೆ ನೆನೆಯಬಾರದ ಸಾಮಾನು ಇಡಬಹುದು, ಮೊಣಕಾಲು ಮಡಚಿ ಮಲಗಲೂಬಹುದು. ಒಂದು ಸೀಟಿಗೆ ಎರಡು ದಿನ. ಐದು ಮಿಲಿಮೀಟರ್ ದಪ್ಪದ ಉಕ್ಕಿನ ನಾಲ್ಕು ಪಟ್ಟಿಗಳು, ಹನ್ನೆರಡು ಮಿಲಿಮೀಟರಿನ ಎರಡು ಪಿನ್ನು, ಎಂಟು ಬೋಲ್ಟು. ಮೊದಮೊದಲು ತಿಂಗಳಿಗೆ ಒಂದೆರಡು, ಈಗ ಹತ್ತೋ ಹನ್ನೊಂದೋ ಸೀಟು. "ಬೆಲ್ಟಿನ ಬೋಲ್ಟಿಗೆ ಮಾತ್ರ ನಾನು ಕೈ ಹಾಕಲ್ಲ," ಎನ್ನುತ್ತಾರೆ. "ಅದು ಜೀವದ ವಿಷಯ. ಕಂಪನಿ ಎಲ್ಲಿ ಹಾಕಿದೆಯೋ ಅಲ್ಲೇ ಇರ್ಬೇಕು."

ಪ್ರತಿ ಕೀಲಿನ ಒಳಮೈಗೆ ಸುತ್ತಿಗೆಯಿಂದ ಅಚ್ಚು ಹೊಡೆದು ಒಂದು ಸಂಖ್ಯೆ ಮೂಡಿಸುತ್ತಾರೆ. ಈ ಮಾದರಿ ಸೀಟಿನದು ೧೩೧೬. ಹಿಂದಿನ ೧೩೧೫ ಸೀಟುಗಳಲ್ಲಿ ಒಂದರ ಸಂಖ್ಯೆಯನ್ನೂ ಯಾವ ಗಿರಾಕಿಯೂ ಇದುವರೆಗೆ ನೋಡಿಲ್ಲ.

ಅವರು ಕೀಲಿನ ವಿದ್ಯೆ ಕಲಿತಿದ್ದು ಆಸ್ಪತ್ರೆ ಮಂಚಗಳಲ್ಲಿ. ಹದಿನೆಂಟನೇ ವಯಸ್ಸಿಗೆ ಮಂಚದ ಕಾರ್ಖಾನೆ ಸೇರಿ, ತಲೆಯ ಕಡೆ ಏಳುವ, ಕಾಲಿನ ಕಡೆ ಇಳಿಯುವ ಮಂಚಗಳಿಗೆ ಹದಿನೈದು ವರ್ಷ ಪಿನ್ನು ಕೂರಿಸಿದರು. ಕಾರ್ಖಾನೆ ಮುಚ್ಚಿದಾಗ ಕೈಯಲ್ಲಿ ಉಳಿದದ್ದು ಒಂದು ಡ್ರಿಲ್ಲು, ಮಂದವಾದ ಬಲಗಿವಿ ಮತ್ತು ಒಂದು ಅಭ್ಯಾಸ. "ರೋಗಿ ಮಗ್ಗುಲಾದ್ರೆ ಮಂಚ ಕಿರ್ ಅನ್ನಬಾರ್ದು. ಅಂದ್ರೆ ಇಡೀ ವಾರ್ಡೇ ಎದ್ದು ಕೂರುತ್ತೆ. ನಮ್ಮ ಹಳೇ ಮೇಸ್ತ್ರಿ ಮಂಚಕ್ಕೆ ಕಿವಿ ಹಚ್ಚಿ ಕೇಳೋರು. ಸದ್ದು ಬಂತೋ, ವಾಪಸ್."

ಮೊದಲ ಸೀಟು ಮಾಡಿಸಿಕೊಂಡವರು ಕನ್ನಡಿ ವ್ಯಾಪಾರಿ. ಗಾಡಿಯ ಹಿಂದಿನ ತೊಟ್ಟಿಯಲ್ಲಿ ಹೇರಿದ ಕನ್ನಡಿಗಳಲ್ಲಿ ಆರಕ್ಕೆ ಒಂದು ಒಡೆಯುತ್ತಿತ್ತು. ಕ್ಯಾಬಿನ್ನಿನೊಳಗೇ ಕನ್ನಡಿ ಮಲಗಿಸುವ ಹಾಗೆ ಮಾಡಿಕೊಡಿ ಎಂದು ಕೇಳಿಕೊಂಡು ಬಂದರು. ಮೇಸ್ತ್ರಿ ಮಾಡಿಕೊಟ್ಟರು. ಲೋಟದ ಪರೀಕ್ಷೆ ಅಂದೇ ಶುರುವಾಯಿತು. ಸೀಟು ಮಡಚಿ, ತುಂಬಿದ ಲೋಟ ಇಟ್ಟು, ಶೆಡ್ಡಿನ ಗೇಟಿನ ಬಳಿಯ ಚರಂಡಿ ಚಪ್ಪಡಿಯ ಮೇಲೆ ಗಾಡಿಯನ್ನು ನಿಧಾನಕ್ಕೆ ದಾಟಿಸುವುದು. ನೀರು ಚೆಲ್ಲಿದರೆ ಕೀಲು ಬಿಚ್ಚಿ ಮತ್ತೆ ಮೊದಲಿನಿಂದ. ಆ ಕನ್ನಡಿ ವ್ಯಾಪಾರಿಯ ಗಾಡಿ ಇವತ್ತಿಗೂ ಓಡುತ್ತಿದೆ.

ಹನ್ನೆರಡು ವರ್ಷದ ಹಿಂದೆ ಮೇಸ್ತ್ರಿಯ ಹೆಂಡತಿಯ ತಂಗಿ ಮನೆಗೆ ಬಂದು, "ಭಾವ, ಇವರಿಗೂ ನಿಮ್ಮ ಶೆಡ್ಡಲ್ಲಿ ಒಂದು ಮೂಲೆ ಕೊಡಿ," ಎಂದು ಕೇಳಿದರು. ಇವರು ಎಂದರೆ ಅವರ ಗಂಡ, ಮೇಸ್ತ್ರಿಯ ಷಡ್ಡಕ. ಶಾಲೆಯ ಬ್ಯಾಗು ಹೊಲಿಯುತ್ತಿದ್ದ ಟೈಲರ್. ಮೇಸ್ತ್ರಿಗಿಂತ ಒಂಬತ್ತು ವರ್ಷ ಚಿಕ್ಕವರು. ಮೇಸ್ತ್ರಿ ಎರಡನೇ ಮಾತಾಡದೆ ಒಂದು ಮೂಲೆ ಕೊಟ್ಟರು. ಕೀಲು ಇವರದು, ಸೀಟಿನ ಫೋಮು ಮತ್ತು ರೆಕ್ಸಿನ್ನು ಅವರದು ಎಂದು ಕೆಲಸ ಹಂಚಿಕೆಯಾಯಿತು.

ಆ ಮೂಲೆ ನಡೆಯುತ್ತ ನಡೆಯುತ್ತ ಶೆಡ್ಡಿನ ಮುಂಬಾಗಿಲಿಗೆ ಬಂದು ನಿಂತಿದೆ. ಕಾರಣ ಎರಡು, ಎರಡೂ ನ್ಯಾಯವಾದವೇ. ಹೊಲಿಯಲು ಬೆಳಕು ಬೇಕು. ಗ್ರೈಂಡರಿನ ಕಿಡಿ ಹಾರಿದರೆ ರೆಕ್ಸಿನ್ ಸುಡುತ್ತದೆ. ಹಾಗಾಗಿ ಟೈಲರ್ ಬೀದಿಗೆ ಮುಖ ಮಾಡಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಾರೆ. ಶೆಡ್ಡು ಕಟ್ಟಿದ ಮೇಸ್ತ್ರಿ ಹಿಂದುಗಡೆ, ನೀರಿನ ತೊಟ್ಟಿಯ ಪಕ್ಕದಲ್ಲಿ. ಬಂದ ಗಿರಾಕಿ ಮೊದಲು ನೋಡುವುದು ಟೈಲರನ್ನು. ಬಹಳ ಮಂದಿ ಕೊನೆಗೆ ನೋಡುವುದೂ ಅವರನ್ನೇ.

ಟೈಲರ್ ಮಾತು ಬಲ್ಲವರು. ಬಾಗಿಲಿಗೆ ಬಂದವರ ಮಗುವಿನ ಪರೀಕ್ಷೆ, ಅತ್ತೆಯ ಮಂಡಿನೋವು ಎಲ್ಲ ವಿಚಾರಿಸಿಯೇ ರೆಕ್ಸಿನ್ ತೋರಿಸುತ್ತಾರೆ. ಹೊಲಿಗೆಯೂ ಸುಮಾರಾದುದಲ್ಲ. ಜೋಡಿ ಗೆರೆ ಎಳೆದರೆ ಅಳತೆಪಟ್ಟಿ ಇಟ್ಟು ಗೀಚಿದ ಹಾಗಿರುತ್ತದೆ. ಇದನ್ನು ಮೇಸ್ತ್ರಿಯೇ ಹೇಳುತ್ತಾರೆ. ಹೇಳುವಾಗ ಒಗರು ಕಾಯಿ ಕಚ್ಚಿದವರಂತೆ ಮುಖ ಕಿವಿಚುತ್ತಾರೆ.

"ಅವನ ಕೆಲಸ ಕೆಟ್ಟದಾಗಿದ್ದಿದ್ರೆ ನಂಗೆ ಈ ಸಂಕಟಾನೇ ಇರ್ತಿರ್ಲಿಲ್ಲ."

ಹೋದ ವರ್ಷ ಒಂದು ವಾರ ಮೇಸ್ತ್ರಿ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಗೀಟು ಹಾಕಿದರು. ಆ ಗೀಟುಗಳು ಇನ್ನೂ ಅಲ್ಲಿವೆ. ಸಿದ್ಧವಾದ ಸೀಟು ನೋಡಲು ಆ ವಾರ ಬಂದವರು ಇಪ್ಪತ್ತಮೂರು ಜನ. ಇಪ್ಪತ್ತೊಂದು ಜನ ಹೊಲಿಗೆಯ ಮೇಲೆ ಕೈಯಾಡಿಸಿ "ವಾಹ್" ಎಂದರು. ಒಬ್ಬರು ಕಿಟಕಿಯ ಗಾಜು ಇಳಿಸಿ ಏರಿಸಿದರು. ಇನ್ನೊಬ್ಬರು ಫೋನಿನಲ್ಲಿ ಮಾತಾಡುತ್ತಲೇ ಬಂದು ಮಾತಾಡುತ್ತಲೇ ಹೋದರು. ಕೀಲಿನ ಕಾಲಂ ಖಾಲಿ.

ಮನೆಗೆ ಹೋದರೂ ಬಿಡುಗಡೆಯಿಲ್ಲ. ಗೋಂದಿನ ಕಂಪನಿಯೊಂದು ಈ ವರ್ಷದ ಕ್ಯಾಲೆಂಡರಿನಲ್ಲಿ ಟೈಲರಿನ ಫೋಟೊ ಹಾಕಿದೆ. ಕೆಂಪು ಸೀಟಿನ ಮೇಲೆ ಕೈಯಿಟ್ಟು ನಗುತ್ತಿರುವ ಫೋಟೊ. ನಾದಿನಿ ಪ್ರೀತಿಯಿಂದ ತಂದುಕೊಟ್ಟ ಕ್ಯಾಲೆಂಡರು ಮೇಸ್ತ್ರಿಯ ಅಡುಗೆಮನೆಯಲ್ಲಿ, ಸರಿಯಾಗಿ ಅವರು ಕಾಫಿ ಕುಡಿಯಲು ಕೂರುವ ಕುರ್ಚಿಯ ಎದುರಿಗೇ ನೇತಾಡುತ್ತಿದೆ.

"ಬೆಳಿಗ್ಗೆ ಎದ್ರೆ ಅವನ ಹಲ್ಲೇ ಕಾಣುತ್ತೆ," ಎನ್ನುತ್ತಾರೆ ಮೇಸ್ತ್ರಿ. "ಕುರ್ಚಿ ತಿರುಗಿಸಿ ಕೂತೆ ಒಂದಿನ. ಇವಳು ನಕ್ಕೂ ನಕ್ಕೂ ಸುಸ್ತಾದಳು."

"ಇವರ ಹೊಟ್ಟೆಕಿಚ್ಚಿದ್ರೆ ಸಾಕು, ವೆಲ್ಡಿಂಗಿಗೆ ಗ್ಯಾಸೇ ಬೇಡ," ಎನ್ನುತ್ತಾರೆ ಹೆಂಡತಿ.

ಒಮ್ಮೆ ಮೇಸ್ತ್ರಿ ಕಣ್ಣಿಗೆ ಬೀಳಲು ಪ್ರಯತ್ನವನ್ನೂ ಮಾಡಿದರು. ಸೀಟು ಮಡಚಿದಾಗ ಅದರ ಬೆನ್ನಿಗೂ ಕ್ಯಾಬಿನ್ನಿನ ಗೋಡೆಗೂ ನಡುವೆ ಅಂಗೈಯಗಲದ ಸಂದು ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಕೀಲು ಇಣುಕುತ್ತದೆ. ಮೂರು ವರ್ಷದ ಹಿಂದೆ ಮೇಸ್ತ್ರಿ ಕೀಲನ್ನು ಉಜ್ಜಿ ನುಣುಪು ಮಾಡಿ, ದಾಳಿಂಬೆಯಂಥ ಕೆಂಪು ಬಣ್ಣ ಬಳಿದರು. ಈಗ ನೋಡದೆ ಎಲ್ಲಿ ಹೋಗುತ್ತಾರೆ ಎಂದುಕೊಂಡರು.

ಗಿರಾಕಿಗಳು ನೋಡಿದರು. ನೋಡಿ, ಟೈಲರಿನ ಬಳಿ ಹೋಗಿ, "ಹಿಂದುಗಡೆ ಅದೇನೋ ಕೆಂಪು ಕಬ್ಬಿಣ ಕಾಣ್ತಿದೆಯಲ್ಲ, ಅದನ್ನ ಮುಚ್ಚಿ ಕೊಡಿ," ಎಂದರು. ಸ್ಕ್ರೂ, ಚಿಲ್ಲರೆ, ಪೆನ್ನು ಎಲ್ಲ ಆ ಸಂದಿಗೆ ಬೀಳುತ್ತವೆ ಎಂಬ ದೂರೂ ಸೇರಿಕೊಂಡಿತು. ಟೈಲರ್ ಯೋಚಿಸಿ, ಸೀಟಿನ ಅಂಚಿಗೆ ರೆಕ್ಸಿನ್ನಿನ ಒಂದು ಅಗಲವಾದ ಪಟ್ಟಿ ಹೊಲಿದರು. ಸೀಟು ಮಡಚಿದ ಕೂಡಲೇ ಅದು ಹಿಂದಕ್ಕೆ ಚಾಚಿ ಸಂದನ್ನು ಮುಚ್ಚುತ್ತದೆ. ಜನ ಅದನ್ನು ನಾಲಗೆ ಎಂದು ಕರೆದರು. ಈಗ ಊರ ತುಂಬ ಈ ಸೀಟಿಗೆ ಇರುವ ಹೆಸರೇ ನಾಲಗೆ ಸೀಟು. ಗೋಂದಿನ ಕಂಪನಿಯವರು ಫೋಟೊ ತೆಗೆಯಲು ಬಂದಿದ್ದೂ ಆ ನಾಲಗೆಯನ್ನು ನೋಡಿಯೇ.

"ನಾನು ಬಣ್ಣ ಬಳೀದೆ ಸುಮ್ನಿದ್ದಿದ್ರೆ ಅವನು ನಾಲಗೆ ಹೊಲೀತಾನೇ ಇರ್ಲಿಲ್ಲ," ಎಂದು ಮೇಸ್ತ್ರಿ ಹಣೆ ಚಚ್ಚಿಕೊಳ್ಳುತ್ತಾರೆ. ಆದರೂ ಹಟ ಬಿಟ್ಟಿಲ್ಲ. ನಾಲಗೆಯ ಕೆಳಗೆ ಯಾರಿಗೂ ಕಾಣುವುದಿಲ್ಲ ಎಂದು ಗೊತ್ತಿದ್ದೂ ಇವತ್ತಿನವರೆಗೆ ಪ್ರತಿ ಕೀಲಿಗೂ ಕೆಂಪು ಬಣ್ಣವೇ.

ವಿದ್ಯುತ್ ಇಲಾಖೆಯ ಪತ್ರ ಬಂದಾಗ ಈ ಗಾಯದ ಮೇಲೆ ಇನ್ನಷ್ಟು ಖಾರ ಬಿತ್ತು. ದೂರದ ಲೈನುಗಳ ರಿಪೇರಿಗೆ ಹೋಗುವ ಲೈನ್‌ಮನ್‌ಗಳು ಗಾಡಿಯಲ್ಲೇ ಒಂದೆರಡು ತಾಸು ಕಣ್ಣು ಮುಚ್ಚಬೇಕಾಗುತ್ತದೆ, ಮಡಚುವ ಸೀಟು ಬೇಕು ಎಂದು ಪತ್ರದಲ್ಲಿತ್ತು. ವಿಳಾಸದ ಜಾಗದಲ್ಲಿ "ನಾಲಗೆ ಸೀಟಿನ ಟೈಲರ್ ಅವರಿಗೆ" ಎಂದಿತ್ತು. ಟೈಲರ್ ಅದನ್ನು ಗಟ್ಟಿಯಾಗಿ ಓದಿ, "ಅಣ್ಣ, ನಮಗೆ ಪತ್ರ ಬಂದಿದೆ!" ಎಂದರು. ನಮಗೆ ಎಂದರು, ಅದು ನಿಜ. ಮೇಸ್ತ್ರಿ ವಿಳಾಸವನ್ನು ಇನ್ನೊಮ್ಮೆ ಓದಿಕೊಂಡರು.

ನಿನ್ನೆ ಸಂಜೆ ನಾಲ್ಕಕ್ಕೆ ಮೇಸ್ತ್ರಿ ಚಿಂದಿ ಬಟ್ಟೆ ತೆಗೆದುಕೊಳ್ಳಲು ಮುಂದೆ ಬಂದಾಗ ಟೈಲರ್ ಮಾದರಿ ಸೀಟಿಗೆ ಫೋಮ್ ಅಂಟಿಸುತ್ತಿದ್ದರು. ನೋಡಿದ ತಕ್ಷಣ ಮೇಸ್ತ್ರಿಗೆ ತಿಳಿಯಿತು. ಅದು ಎಂದಿನ ಫೋಮ್ ಅಲ್ಲ. ಕೂರುವ ಭಾಗಕ್ಕೆ ಅರ್ಧ ಇಂಚು ಹೆಚ್ಚು, ಬೆನ್ನಿಗೆ ಅರ್ಧ ಇಂಚು ಹೆಚ್ಚು. ಮಡಚಿದಾಗ ಎರಡು ಮುಖಗಳೂ ಒಂದರ ಮೇಲೊಂದು ಬಂದು ಪೂರ್ತಿ ಒಂದು ಇಂಚು. ಕೀಲಿನ ಎತ್ತರ ಹಳೆಯದೇ. ಸೀಟು ಎಲ್ಲಿಂದ ಮಟ್ಟವಾಗಬೇಕು?

ಒಂದು ಮಾತು ಹೇಳಿದ್ದರೆ ಟೈಲರ್ ಫೋಮ್ ಕಿತ್ತು ತೆಳ್ಳಗಿನದನ್ನು ಹಾಕುತ್ತಿದ್ದರು. ಗೋಂದು ಇನ್ನೂ ಒಣಗಿರಲಿಲ್ಲ. ಮೇಸ್ತ್ರಿ ಹಿಂದುಗಡೆ ಹೋಗಿ ಕೈ ತೊಳೆದರು, ಒರೆಸಿಕೊಂಡರು, ಮನೆಗೆ ಹೋದರು. ನಾಳೆ ಹತ್ತು ಗಂಟೆಗೆ, ಅಧಿಕಾರಿಯ ಎದುರಿಗೇ, ಆ ಬಾಯಿ ಒಂದು ಸಲವಾದರೂ ಮುಚ್ಚಲಿ ಎಂದುಕೊಂಡರು.

ಊಟಕ್ಕೆ ಕೂತಾಗ ಹೆಂಡತಿ ಕೇಳಿದರು. "ರೀ, ಏನೋ ನುಂಗಿಕೊಂಡು ಕೂತಿದೀರಿ. ಅನ್ನ ಅಂತೂ ಅಲ್ಲ."

"ಏನಿಲ್ಲ."

"ಟೈಲರ್ ವಿಷಯವಾ?"

"ಏನಿಲ್ಲ ಅಂದ್ನಲ್ಲ."

"ಹಾಗಾದ್ರೆ ಟೈಲರ್ ವಿಷಯಾನೇ," ಎಂದು ಅವರು ಸಾರು ಬಡಿಸಿದರು.

ನಾಲ್ಕೂವರೆಗೆ ಮೇಸ್ತ್ರಿಗೆ ಎಚ್ಚರವಾಯಿತು. ಕರುಣೆಯಿಂದಲ್ಲ ಎಂದು ಅವರೇ ಸ್ಪಷ್ಟಪಡಿಸುತ್ತಾರೆ. ಏಳು ತಿಂಗಳ ಕೆಲಸ ಹೋಗುತ್ತದೆಂಬ ಭಯವೂ ಅಷ್ಟಾಗಿರಲಿಲ್ಲವಂತೆ. ಹಾಸಿಗೆಯಲ್ಲಿ ಅಂಗಾತ ಮಲಗಿ, ಹತ್ತು ಗಂಟೆಗೆ ಏನೇನಾಗುತ್ತದೆ ಎಂದು ಒಂದೊಂದಾಗಿ ಕಣ್ಣ ಮುಂದೆ ತಂದುಕೊಂಡು ಖುಷಿಪಡುತ್ತಿದ್ದರು. ಅಧಿಕಾರಿ ಪಟ್ಟಿ ಎಳೆಯುತ್ತಾರೆ. ಸೀಟು ಮಡಚಿಕೊಳ್ಳುತ್ತದೆ, ಕೊಂಡಿ ಬೀಳುವುದಿಲ್ಲ. ಯಾಕೆ ಬೀಳಲಿಲ್ಲ ಎಂದು ಅಧಿಕಾರಿ ಬಗ್ಗುತ್ತಾರೆ. ನಾಲಗೆ ಎತ್ತುತ್ತಾರೆ.

ಅಲ್ಲಿಗೆ ಖುಷಿ ನಿಂತುಹೋಯಿತು.

"ಇಪ್ಪತ್ತೈದು ವರ್ಷದಿಂದ ಯಾರಾದ್ರೂ ನನ್ನ ಕೀಲನ್ನ ಬಗ್ಗಿ ನೋಡ್ಲಿ ಅಂತ ಕಾದಿದೀನಿ. ಬಗ್ಗಿ ನೋಡೋ ಮೊದಲನೇ ದಿನ, ಏನಂತಾರೆ? ಕೀಲು ಸರಿಯಿಲ್ಲ ಅಂತಾರೆ. ಫೋಮ್ ದಪ್ಪ ಆಯ್ತು ಅಂತ ಯಾರಿಗೆ ಹೊಳೆಯುತ್ತೆ? ಮೆತ್ತಗಿದ್ರೆ ಟೈಲರ್ದು, ಕೆಟ್ಟರೆ ಕೀಲಿಂದು. ಅಲ್ಲೇ ಇರುತ್ತಲ್ಲ ನನ್ನ ನಂಬರು, ೧೩೧೬, ಕೆಂಪಗೆ!"

ಬೆಳಗಿನ ಆರಕ್ಕೆ ಕೆಲಸ ಶುರು. ಮೂವತ್ತೆಂಟು ಕಿಲೋ ತೂಗುವ ಸೀಟನ್ನು ಒಬ್ಬರೇ ಬಿಚ್ಚಿ ಹೊರಗೆ ತರುತ್ತಾರೆ. ಫೋಮಿನ ಹತ್ತಿರ ಬೆಂಕಿ ತರುವಂತಿಲ್ಲ, ಹಾಗಾಗಿ ವೆಲ್ಡಿಂಗ್ ಮಾತೇ ಇಲ್ಲ. ಕೀಲಿನ ಪಟ್ಟಿಗಳಲ್ಲಿ ಹಳೆಯ ತೂತಿನಿಂದ ಸರಿಯಾಗಿ ಒಂದು ಇಂಚು ಮೇಲೆ ಹೊಸ ತೂತು ಕೊರೆಯಬೇಕು. ಕೀಲು ಮೇಲೇರಿದರೆ ಸೀಟಿನ ಬೆನ್ನೂ ಮೇಲೇರುತ್ತದೆ. ಹಾಗಾಗಿ ಬೆನ್ನು ನೆಟ್ಟಗೆ ನಿಂತಾಗ ಅದನ್ನು ಹಿಡಿಯುವ ಗೋಡೆಯ ಕೊಂಡಿಯನ್ನೂ, ಮಡಚಿದಾಗ ಹಿಡಿಯುವ ಗೂಟವನ್ನೂ ಅಷ್ಟೇ ಮೇಲೆ ಕೂರಿಸಬೇಕು. ಒಂದು ಕಡೆ ಕೂದಲೆಳೆಯಷ್ಟು ತಪ್ಪಿದರೂ ಸೀಟು ಓರೆಯಾಗುತ್ತದೆ. ಡ್ರಿಲ್ಲು ಕೊರೆಯುವಾಗ ಮೇಸ್ತ್ರಿ ಉಸಿರು ಬಿಗಿಹಿಡಿಯುತ್ತಾರೆ. ನಡುನಡುವೆ ಬೈಯುತ್ತಾರೆ. ಬೈಗುಳವೆಲ್ಲ ಫೋಮಿಗೆ.

ಎಂಟೂಮುಕ್ಕಾಲಿಗೆ ಸೀಟು ಮತ್ತೆ ಗಾಡಿಯೊಳಗೆ. ಪಟ್ಟಿ ಎಳೆದರೆ ಬೆನ್ನು ಬಾಗುತ್ತದೆ, ಕೊಂಡಿ ಗೂಟವನ್ನು ಹಿಡಿಯುತ್ತದೆ. ಲೋಟ ತುಂಬಿಸಿ ಇಟ್ಟು, ಚರಂಡಿ ಚಪ್ಪಡಿಯನ್ನು ಎರಡು ಸಲ ದಾಟಿಸುತ್ತಾರೆ. ನೀರು ಅಂಚಿನಲ್ಲಿ ನಡುಗುತ್ತದೆ, ಹೊರಗೆ ಬರುವುದಿಲ್ಲ. ಮೇಸ್ತ್ರಿ ಆ ನೀರನ್ನು ಕುಡಿದು ಲೋಟವನ್ನು ಮೊಳೆಗೆ ಸಿಕ್ಕಿಸುತ್ತಾರೆ.

ಒಂಬತ್ತೂವರೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಟೈಲರ್ ಬರುತ್ತಾರೆ. "ಅಣ್ಣ, ಬೇಗ ಬಂದ್ಬಿಟ್ಟಿದೀರಿ? ಬೆವತಿದೀರಲ್ಲ!"

"ಸೆಕೆ," ಎನ್ನುತ್ತಾರೆ ಮೇಸ್ತ್ರಿ.

ಇಲಾಖೆಯ ಅಧಿಕಾರಿ ಮಿತಭಾಷಿ ಹೆಂಗಸು. ಕೈಯಲ್ಲಿ ನೋಟ್‌ಬುಕ್ಕು. ಜೊತೆಗೆ ನಿವೃತ್ತಿಗೆ ಎರಡು ವರ್ಷ ಬಾಕಿಯಿರುವ ಒಬ್ಬ ಲೈನ್‌ಮನ್. ಹಿಂದಿನ ದಿನದ ಪಾಳಿ ಮುಗಿಸಿ ಮನೆಗೂ ಹೋಗದೆ ಬಂದವರು, ಕಣ್ಣುಗಳು ಕೆಂಡದಂತಿವೆ. ಟೈಲರ್ ಹೊಲಿಗೆಯ ಜೋಡಿಗೆರೆಯಿಂದ ಆರಂಭಿಸಿ ರೆಕ್ಸಿನ್ನಿನ ಆಯುಷ್ಯದವರೆಗೆ ವಿವರಿಸುತ್ತಾರೆ. ಮೇಡಂ ಕೂತು ನೋಡಿ, "ಮೆತ್ತಗಿದೆ," ಎನ್ನುತ್ತಾರೆ. ಟೈಲರಿನ ಮುಖ ಅರಳುತ್ತದೆ. ಹಿಂದೆ ನಿಂತ ಮೇಸ್ತ್ರಿ ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾರೆ.

"ಮಡಚಿ," ಎನ್ನುತ್ತಾರೆ ಮೇಡಂ. ಸೀಟು ಮಡಚಿಕೊಳ್ಳುತ್ತದೆ.

"ನೀವು ಮಲಗಿ ನೋಡಿ," ಎಂದು ಲೈನ್‌ಮನ್ನಿಗೆ ಹೇಳುತ್ತಾರೆ.

ಅವರು ಬೂಟು ಬಿಚ್ಚಿ, ಮೊಣಕಾಲು ಮಡಚಿ, ಒಂದು ಕೈಯನ್ನು ತಲೆಯ ಕೆಳಗಿಟ್ಟು ಮಲಗುತ್ತಾರೆ. "ಉದ್ದ ಸಾಲುತ್ತಾ ನೋಡಿ ಅಣ್ಣಾ, ಗಾಳಿ ಕೂಡ..." ಎಂದು ಟೈಲರ್ ಶುರುಮಾಡುವಷ್ಟರಲ್ಲಿ ಒಳಗಿನಿಂದ ಸಣ್ಣಗೆ ಗೊರಕೆ ಕೇಳಿಸುತ್ತದೆ. ಮೇಡಂ ಬೆರಳನ್ನು ತುಟಿಗಿಟ್ಟು ಸನ್ನೆ ಮಾಡುತ್ತಾರೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಗಿರಾಕಿಯ ಎದುರು ಟೈಲರ್ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ. ಅವರ ಜೋಡಿಗೆರೆಯ ಹೊಲಿಗೆ ಮಡಚಿದ ಸೀಟಿನ ಒಳಗೆ ಹೋಗಿದೆ. ತೋರಿಸಲು ಏನೂ ಇಲ್ಲ.

ಲೈನ್‌ಮನ್ ನಿದ್ದೆಯಲ್ಲೇ ಮಗ್ಗುಲಾಗುತ್ತಾರೆ. ಎಂಬತ್ತು ಕಿಲೋ ತೂಕ ಎಡಕ್ಕೆ ಹೊರಳುತ್ತದೆ. ಮೇಸ್ತ್ರಿ ತಮ್ಮ ಚೆನ್ನಾಗಿರುವ ಎಡಗಿವಿಯನ್ನು ಗಾಡಿಯ ಕಡೆ ತಿರುಗಿಸುತ್ತಾರೆ. ಗೊರಕೆ ಕೇಳಿಸುತ್ತದೆ. ಬೀದಿಯ ಕೊನೆಯಲ್ಲಿ ಯಾರೋ ಸ್ಕೂಟರ್ ಒದೆಯುವುದು ಕೇಳಿಸುತ್ತದೆ. ಕೀಲಿನಿಂದ ಕಿರ್ರೆಂಬ ಶಬ್ದವೂ ಇಲ್ಲ.

ಇಪ್ಪತ್ತು ನಿಮಿಷ ಯಾರೂ ಅವರನ್ನು ಎಬ್ಬಿಸುವುದಿಲ್ಲ. ಮೇಡಂ ಅಷ್ಟರಲ್ಲಿ ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಂದಿನ ಗಾಜಿನಿಂದ ಒಳಗೆ ಇಣುಕುತ್ತಾರೆ. "ಅದೇನು ಕೆಂಪಗೆ ಕಾಣ್ತಿದೆ?" ಎಂದು ಪಿಸುಗುಟ್ಟುತ್ತಾರೆ.

ಕೀಲು ಒಂದು ಇಂಚು ಮೇಲೇರಿದ್ದರಿಂದ ನಾಲಗೆ ಗೋಡೆಯವರೆಗೆ ಮುಟ್ಟಿಲ್ಲ. ಬೆರಳಗಲದಷ್ಟು ಜಾಗದಿಂದ ಕೆಂಪು ಕಬ್ಬಿಣ ಇಣುಕುತ್ತಿದೆ. ನಾಲಗೆ ಯಾಕೆ ಚಿಕ್ಕದಾಯಿತು ಎಂದು ಟೈಲರ್ ಬಗ್ಗಿ ನೋಡುತ್ತಾರೆ. ಹಳೆಯ ತೂತಿನ ಮೇಲೆ ಹೊಸ ತೂತು, ಅದರ ಅಂಚಿನಲ್ಲಿ ಇನ್ನೂ ಫಳಫಳ ಹೊಳೆಯುತ್ತಿರುವ ಉಕ್ಕು. ಟೈಲರ್ ದಡ್ಡರಲ್ಲ. ತಾವು ಅಂಟಿಸಿದ ಫೋಮನ್ನು ಒಮ್ಮೆ, ಮೇಸ್ತ್ರಿಯ ಬೆವೆತ ಅಂಗಿಯನ್ನು ಒಮ್ಮೆ ನೋಡುತ್ತಾರೆ. ಕಿವಿಯವರೆಗೂ ಮುಖ ಕೆಂಪಾಗುತ್ತದೆ.

"ಅದು ಕೀಲು, ಮೇಡಂ," ಎನ್ನುತ್ತಾರೆ ಮೆಲ್ಲಗೆ. "ಸೀಟು ಮಡಚೋದೇ ಅದರಿಂದ. ನಮ್ಮಣ್ಣನ ಕೆಲಸ. ಇವರು."

ಮೇಡಂ ಮೇಸ್ತ್ರಿಯ ಕಡೆ ತಿರುಗಿ "ಓಹೋ" ಎನ್ನುತ್ತಾರೆ. ನಂತರ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಮಾದರಿ ಒಪ್ಪಿಗೆಯಾಗಿದೆ. ತಿದ್ದುಪಡಿ ಒಂದೇ: ನಾಲಗೆಯನ್ನು ಒಂದು ಬೆರಳು ಉದ್ದ ಮಾಡಿ, ಕಾಣುವ ಕಬ್ಬಿಣವನ್ನು ಪೂರ್ತಿ ಮುಚ್ಚುವುದು.

ಎದ್ದ ಲೈನ್‌ಮನ್ ಕಣ್ಣುಜ್ಜಿಕೊಂಡು, "ಫೋಮ್ ಭಾರಿ ಚೆನ್ನಾಗಿದೆ," ಎನ್ನುತ್ತಾರೆ.

ಅವರ ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಷಡ್ಡಕರಿಬ್ಬರೂ ಶೆಡ್ಡಿನೊಳಕ್ಕೆ ಬರುತ್ತಾರೆ. ಟೈಲರೇ ಮೊದಲು ಕೇಳುತ್ತಾರೆ.

"ಅಣ್ಣ, ಫೋಮ್ ದಪ್ಪ ಆಗಿದ್ದು ನಿಮಗೆ ಯಾವಾಗ ಗೊತ್ತಾಯ್ತು?"

"ನಿನ್ನೆ. ಅಂಟಿಸ್ತಿದ್ದಾಗ್ಲೇ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು," ಎನ್ನುತ್ತಾರೆ ಮೇಸ್ತ್ರಿ, ಬೋಲ್ಟಿನ ಅಳತೆ ಹೇಳಿದಷ್ಟು ಸಲೀಸಾಗಿ. "ನೀನ್ಯಾಕೆ ದಪ್ಪ ಹಾಕ್ದೆ? ಅಳತೆ ಗೊತ್ತಿಲ್ವಾ ನಿಂಗೆ?"

ಟೈಲರ್ ನೆಲ ನೋಡುತ್ತಾರೆ. "ಮೇಡಂ ಕೂತ ತಕ್ಷಣ ಮೆತ್ತಗಿದೆ ಅನ್ಲಿ ಅಂತ."

"ಅಂದರಲ್ಲ."

"ಅಂದರು."

"ಸಾಯಿ," ಎಂದು ಮೇಸ್ತ್ರಿ ಹಿಂದುಗಡೆಗೆ ಹೋಗುತ್ತಾರೆ. ಆ ಮಾತು ಕೇಳಿ ಟೈಲರಿಗೆ ನಗು ಬಂದುಬಿಡುತ್ತದೆ.

ಇದಾಗಿ ಒಂದೂವರೆ ತಿಂಗಳು. ಹದಿನಾಲ್ಕರಲ್ಲಿ ಮೂರು ಗಾಡಿಗಳು ಮುಗಿದಿವೆ, ನಾಲ್ಕನೆಯದು ಶೆಡ್ಡಿನಲ್ಲಿದೆ. ಫೋಮ್ ಎಷ್ಟು ದಪ್ಪ ಇರಬೇಕೆಂದು ಈಗ ಟೈಲರ್ ಪ್ರತಿ ಸಲ ಹಿಂದುಗಡೆಗೆ ಬಂದು ಕೇಳುತ್ತಾರೆ. ನಾಲಗೆ ಒಂದು ಬೆರಳು ಉದ್ದವಾಗಿದೆ. ಅದರ ತುದಿಯನ್ನು ಗೋಡೆಗೆ ಹಿಡಿಸಲು ಟೈಲರ್ ಯಾರೂ ಹೇಳದಿದ್ದರೂ ನಾಲ್ಕು ಟಿಚ್ ಬಟನ್ ಹಾಕಿದ್ದಾರೆ. ಬಿಚ್ಚಿ ನಾಲಗೆ ಎತ್ತಿದರೆ ಕೆಂಪು ಕೀಲು ಕಾಣುತ್ತದೆ. ಅಲ್ಲೇ ಸಂಖ್ಯೆಯೂ ಇದೆ. ಮೇಸ್ತ್ರಿ ಈಗ ಅದನ್ನು ಒಳಮೈಗೆ ಹೊಡೆಯದೆ, ನಾಲಗೆ ಎತ್ತಿದವರ ಕಣ್ಣಿಗೆ ನೇರವಾಗಿ ಬೀಳುವ ಕಡೆ ಹೊಡೆಯುತ್ತಾರೆ.

"ಯಾಕೆ ಹಾಕ್ದೆ ಇದನ್ನ ಅಂತ ನಾನು ಕೇಳ್ಲಿಲ್ಲ. ಅವನೂ ಹೇಳ್ಲಿಲ್ಲ," ಎನ್ನುತ್ತಾರೆ ಮೇಸ್ತ್ರಿ. ಅವರಿಗಿರುವ ಆಸೆ ದೊಡ್ಡದಲ್ಲ. ಕ್ಯಾಲೆಂಡರು ಬೇಡ, ಬೋರ್ಡೂ ಬೇಡ. ಹದಿನಾಲ್ಕರಲ್ಲಿ ಒಬ್ಬರಾದರೂ ನಾಲ್ಕು ಬಟನ್ ಬಿಚ್ಚಿ ಒಳಗೆ ನೋಡಬೇಕು. ಅಷ್ಟೇ.

ನಾಲ್ಕನೇ ಗಾಡಿ ಒಯ್ಯಲು ಬೆಳಿಗ್ಗೆ ಏಳಕ್ಕೇ ಇಲಾಖೆಯ ಡ್ರೈವರ್ ಬಂದಿದ್ದಾರೆ. ಸೀಟು ಮಡಚಿ ನೋಡುತ್ತಾರೆ. ನಾಲಗೆಯ ತುದಿಯಲ್ಲಿ ಬಟನ್ ಕಾಣುತ್ತದೆ. ಮೇಸ್ತ್ರಿ ಹಿಡಿದಿದ್ದ ಲೋಟ ಅಲ್ಲೇ ನಿಲ್ಲುತ್ತದೆ. ಡ್ರೈವರ್ ಒಂದು ಬಟನ್ ಬಿಚ್ಚುತ್ತಾರೆ, ಟಕ್. ಇನ್ನೊಂದು, ಟಕ್. ನಾಲ್ಕೂ ಬಿಚ್ಚುತ್ತಾರೆ. ಆಮೇಲೆ ನಾಲ್ಕನ್ನೂ ಒಂದೊಂದಾಗಿ ಒತ್ತಿ ಮುಚ್ಚುತ್ತಾರೆ. ನಾಲಗೆ ಎತ್ತುವುದೇ ಇಲ್ಲ.

"ಏ, ಬಟನ್ ಬಹಳ ಚೆನ್ನಾಗಿದೆ! ಯಾರದ್ದು ಈ ಐಡಿಯಾ?"

ಮುಂದುಗಡೆ ಹೊಲಿಗೆ ಯಂತ್ರದ ಹಿಂದಿನಿಂದ ಟೈಲರಿನ ತಲೆ ಮೇಲೇಳುತ್ತದೆ. ಮೇಸ್ತ್ರಿಯ ಮುಖ ನೋಡಿ ಮತ್ತೆ ಕೆಳಗಿಳಿಯುತ್ತದೆ.

ಡ್ರೈವರ್ ಸೀಟನ್ನು ನೆಟ್ಟಗೆ ನಿಲ್ಲಿಸಿ, ಮತ್ತೆ ಮಡಚಿ, ಮತ್ತೆ ನಿಲ್ಲಿಸಿ, ತೃಪ್ತಿಯಿಂದ ಗಾಡಿ ಹೊರಡಿಸುತ್ತಾರೆ. ಚರಂಡಿ ಚಪ್ಪಡಿ ದಾಟುವಾಗ ಗಾಡಿ ಒಮ್ಮೆ ಮೇಲೆದ್ದು ಇಳಿಯುತ್ತದೆ. ಮೇಸ್ತ್ರಿ ಎಡಗಿವಿ ತಿರುಗಿಸಿ ನಿಂತಿದ್ದಾರೆ. ಟೈಲರ್ ಮೆಲ್ಲಗೆ ಪಕ್ಕಕ್ಕೆ ಬರುತ್ತಾರೆ.

"ಮುಂದಿನ ಸಲ ನೋಡ್ತಾರೆ ಬಿಡಿ ಅಣ್ಣ."

"ನಿನ್ನ ಬಟನ್ ಟಕ್ ಅಂದಿತಲ್ಲ, ಕೇಳಿಸ್ತಾ?"

"ಕೇಳಿಸ್ತು. ಎಂಟು ಸಲ."

"ಅವನು ಸೀಟು ಮಡಚಿ ನಿಲ್ಲಿಸಿ ಮಾಡಿದ್ನಲ್ಲ. ನನ್ನ ಕೀಲು ಕೇಳಿಸ್ತಾ?"

ಟೈಲರ್ ಯೋಚಿಸುತ್ತಾರೆ. "ಇಲ್ಲ."

"ಹ್ಞಾಂ," ಎನ್ನುತ್ತಾರೆ ಮೇಸ್ತ್ರಿ, ಲೋಟವನ್ನು ಮೊಳೆಗೆ ಸಿಕ್ಕಿಸುತ್ತ. "ಅದೇ ನಂದು."